ಕೈ ಎತ್ತಿದರೆ ಮೇಷ್ಟ್ರು ಕೂರಬೇಕು

ನಾನು ಮೈಕಿನ ಹತ್ತಿರ ಬರುವ ಮೊದಲೇ ಒಮ್ಮೆ ಗಡಿಯಾರ ನೋಡಿಕೊಂಡ ಸಭಾಧ್ಯಕ್ಷರಾದ ಶ್ರೀ ಡೆರಿಕ್ ಅವರೇ, ಮುಖ್ಯ ಅತಿಥಿಗಳಾಗಿ ಬಂದು ನಮ್ಮ ಗೌರವ ಹೆಚ್ಚಿಸಿರುವ ನಿವೃತ್ತ ನ್ಯಾಯಾಧೀಶರೇ, ಉಡುಪಿ, ಮಣಿಪಾಲ, ಕಾಪು, ಕಾರ್ಕಳದಿಂದ ಬಂದಿರುವ ಏಜೆಂಟರೇ, ಸರ್ವೇಯರುಗಳೇ, ಕ್ಲೇಮು ವಿಭಾಗದ ಅಧಿಕಾರಿಗಳೇ, ಗೋಳಿಬಜೆಯ ಪರಿಮಳಕ್ಕೆ ಒಳಗೆ ಬಂದಿರಬಹುದಾದ ಕಡಿಯಾಳಿಯ ನೆರೆಕರೆಯವರೇ, ಮಾನ್ಯ ಸಭಿಕರೇ,

ಈಗಷ್ಟೇ ನನಗೆ ಶಾಲು ಹೊದೆಸಿದಿರಿ, ಪೇಟ ತೊಡಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಅಭಿನಂದನಾ ಪತ್ರದಲ್ಲಿ ನನ್ನನ್ನು ವಿಮಾ ಕಾನೂನಿನ ಭೀಷ್ಮ ಎಂದು ಬರೆದಿದ್ದೀರಿ. ಭೀಷ್ಮನ ಕೊನೆ ಹೇಗಾಯಿತೆಂದು ಬರೆದವರು ಸ್ವಲ್ಪ ಯೋಚಿಸಬಹುದಿತ್ತು. ಇರಲಿ. ಇಂಥ ಹೊತ್ತಿನಲ್ಲಿ 'ನಾನು ಇದಕ್ಕೆ ಅರ್ಹನಲ್ಲ' ಎಂದು ಹೇಳುವುದು ರೂಢಿ. ನಾನು ಹಾಗೆ ಹೇಳುವುದಿಲ್ಲ. ನನಗೆ ಸಂಕೋಚ ಆಗುತ್ತಿಲ್ಲ, ಹೆಮ್ಮೆ ಆಗುತ್ತಿದೆ. ಕ್ಲೇಮು ವಿಭಾಗದಲ್ಲಿ ಮ್ಯಾನೇಜರಾಗಿದ್ದು ನಿವೃತ್ತನಾದ ಮನುಷ್ಯ ಮನೆಯಲ್ಲಿ ಕಾಲು ಚಾಚಿ ಕೂರಬಹುದಿತ್ತು. ಈ ಸರ್ವೋತ್ತಮ ಶೆಟ್ಟಿ ಕೂರಲಿಲ್ಲ. ತಿಂಗಳಿಗೊಮ್ಮೆ ಕಾರ್ಕಳದಿಂದ ಬಸ್ಸು ಹತ್ತಿ ಇದೇ ಸಭಾಭವನಕ್ಕೆ ಬಂದು, ವಿಮೆಯವರಿಗೆ ಕಾನೂನು ಕಲಿಸಿದ.

ವಿಮೆಯವರಿಗೆ ಕಾನೂನಿನ ಪಾಠ ಯಾಕೆ ಎಂದು ಆಗ ಎಷ್ಟೋ ಮಂದಿ ಕೇಳಿದರು. ಪಾಲಿಸಿ ಮಾರುವುದಕ್ಕೆ ಬಾಯಿ ಬೇಕು, ಸ್ಕೂಟರ್ ಬೇಕು, ಕಾನೂನು ಎಂತಕ್ಕೆ? ನಾನು ಅವರನ್ನೇ ತಿರುಗಿ ಕೇಳಿದೆ. ಪಾಲಿಸಿ ಎಂದರೆ ಎಂತ ಸ್ವಾಮಿ? ಸೋಪಾ? ಛತ್ರಿಯಾ? ಅದು ಕರಾರು. ನೀವು ದಿನವಿಡೀ ಮಾರುವುದು ಕಾನೂನನ್ನೇ. ಮಾರುವ ವಸ್ತು ಯಾವುದೆಂದು ಗೊತ್ತಿಲ್ಲದೆ ಮಾರುವ ವ್ಯಾಪಾರಿಯನ್ನು ಕಾಪು ಪೇಟೆಯಲ್ಲಿ ಎಲ್ಲಾದರೂ ನೋಡಿದ್ದೀರಾ? ಅದೂ ಒಮ್ಮೆ ಕಲಿತು ಬಿಡುವ ವಿಷಯವಲ್ಲ. ಕಾಯ್ದೆಗೆ ತಿದ್ದುಪಡಿ ಬರುತ್ತದೆ, ವಿಮಾ ಪ್ರಾಧಿಕಾರದ ಸುತ್ತೋಲೆ ಬರುತ್ತದೆ, ಒಂದು ಕೋರ್ಟು ಹೌದೆಂದದ್ದನ್ನು ಇನ್ನೊಂದು ಕೋರ್ಟು ಅಲ್ಲ ಎನ್ನುತ್ತದೆ. ಆದ್ದರಿಂದ ನಮ್ಮ ತರಗತಿಯಲ್ಲಿ ಪಾಸಾಗಿ ಹೊರಗೆ ಹೋಗುವ ಏರ್ಪಾಡು ಇಲ್ಲ. ಇಲ್ಲಿಗೆ ಸೇರಿದವನು ಜೀವಮಾನದ ವಿದ್ಯಾರ್ಥಿ.

ಮೊದಲ ವರ್ಷ ಜನ ಬಂದದ್ದು ಗೋಳಿಬಜೆಗೆ. ಅದರಲ್ಲಿ ನನಗೇನೂ ಬೇಸರವಿಲ್ಲ. ಬೇಸರ ಇದ್ದದ್ದು ಬೇರೆ. ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದರು. ಒಂದು ದಿನ, ನಷ್ಟ ಅಂದಾಜು ಮಾಡುವ ನಮ್ಮ ಸರ್ವೇಯರ್ ಜೇಮ್ಸ್ ಹೇಳಿದರು, "ಶೆಟ್ರೇ, ನೀವು ಆರಡಿ ಎತ್ತರ ಇದ್ದೀರಿ, ಸ್ವರ ಗುಡುಗಿನ ಹಾಗೆ ಉಂಟು. ನೀವು ನಿಂತುಕೊಂಡೇ ಇದ್ದರೆ ಎದುರಾಡುವ ಧೈರ್ಯ ಯಾರಿಗೆ ಬರ್ತದೆ ಮಾರಾಯ್ರೇ? ಕೂತುಕೊಳ್ಳಿ." ಅಂದಿನಿಂದ ನಮ್ಮಲ್ಲೊಂದು ನಿಯಮ ಆಯಿತು. ಪಾಠದ ನಡುವೆ ಯಾರೇ ಆಕ್ಷೇಪಕ್ಕೆ ಕೈ ಎತ್ತಿದರೂ ಮೇಷ್ಟ್ರು ಕೂರಬೇಕು. ಕೈ ಎತ್ತಿದವರು ನಿಂತು ಮಾತಾಡಬೇಕು. ಅವರ ಮಾತು ಮುಗಿಯುವವರೆಗೆ ಮೇಷ್ಟ್ರು ಏಳುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ನಾನು ಈ ನಿಯಮವನ್ನು ಒಮ್ಮೆಯೂ ಮುರಿದಿಲ್ಲ. ಕೆಲವು ದಿನ ಎದ್ದು ಕೂತು ಎದ್ದು ಕೂತು ಮೊಣಕಾಲು ನೋವು ಬಂದದ್ದುಂಟು.

ಇಂದು ನನ್ನ ಕೊನೆಯ ಪಾಠದ ದಿನವೂ ಹೌದು. ಮುಂದಿನ ತಿಂಗಳಿನಿಂದ ಈ ತರಗತಿಯನ್ನು ಯಾರು ನಡೆಸಬೇಕು? ಈ ಪ್ರಶ್ನೆ ನಿಮ್ಮೆಲ್ಲರ ತಲೆಯಲ್ಲಿ ಉಂಟು, ಅಲ್ವಾ? ನಾನೊಂದು ಹೆಸರು ಹೇಳಿದ್ದೆ. ಆ ಹೆಸರು ಕೇಳಿದ ಮೇಲೆ ಈ ತರಗತಿಯ ಸಮಿತಿಯವರು ನನ್ನ ಮನೆಗೆ ಬಂದರು. ಕಾಫಿ ಕುಡಿದರು. "ಸರ್, ಅವರು ಬುದ್ಧಿವಂತರೇ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಅವರು ಪಾರ್ಟಿ ಕಡೆ, ಅಂದರೆ ಪಾಲಿಸಿದಾರರ ಕಡೆ ವಕೀಲರು. ನಮ್ಮ ಮೇಲೆಯೇ ಕೇಸು ಹಾಕುವವರ ಹತ್ತಿರ ನಾವು ಪಾಠ ಕೇಳುವುದಾ?" ಎಂದರು. ನಾನು ಆಗ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಅಧ್ಯಕ್ಷರು ಇನ್ನೊಮ್ಮೆ ಗಡಿಯಾರ ನೋಡುತ್ತಿದ್ದಾರೆ. ನೋಡಲಿ, ಗೋಳಿಬಜೆ ತಣಿದರೂ ತಿನ್ನಬಹುದು.

ನಾನು ಹೇಳಿದ ಹೆಸರು ಅಡ್ವೋಕೇಟ್ ಚೈತಾಲಿ ಶೆಟ್ಟಿ. ನನ್ನ ಮಗಳು. ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಮಗಳೆಂದು ಹೆಸರು ಹೇಳಿದೆ ಎಂದು ಯಾರಿಗಾದರೂ ಅನಿಸಿದ್ದರೆ, ಒಂದು ಕೇಸಿನ ಕಥೆ ಕೇಳಿ.

ಕಾಪುವಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಕುಂಞಾಲಿಯವರನ್ನು ನಿಮ್ಮಲ್ಲಿ ಹೆಚ್ಚಿನವರು ಬಲ್ಲಿರಿ. ಅವರ ಹೆಂಡತಿ ಆಸ್ಯಾ ಅವರಿಗೆ ಆರೋಗ್ಯ ವಿಮೆ ಮಾಡಿಸಿದವರು ನಮ್ಮ ಉದ್ಯಾವರದ ಲಾಯ್ಡ್. ಲಾಯ್ಡ್ ಮುಂದೆಯೇ ಕೂತಿದ್ದಾರೆ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಮರುವರ್ಷ ಆಸ್ಯಾ ಅವರಿಗೆ ಹೃದಯದ ಚಿಕಿತ್ಸೆ ಆಯಿತು. ಕ್ಲೇಮು ಹಾಕಿದರು. ಕಂಪನಿ ತಿರಸ್ಕರಿಸಿತು. ಯಾವ ಕಂಪನಿ ಎಂದು ನಾನು ಹೇಳುವುದಿಲ್ಲ, ನೀವು ಕೇಳುವುದೂ ಬೇಡ. ಕಾರಣ ಏನೆಂದರೆ, ಆಸ್ಯಾ ಅವರು ಮೊದಲಿನಿಂದಲೂ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಫಾರ್ಮಿನಲ್ಲಿ ಕಾಯಿಲೆಯ ಪ್ರಶ್ನೆಗಳಿಗೆಲ್ಲ 'ಇಲ್ಲ' ಎಂದು ಬರೆದಿತ್ತು. ಕೆಳಗೆ ಅವರದೇ ಸಹಿ.

ಕಂಪನಿಯವರು ನನ್ನ ಸಲಹೆ ಕೇಳಿದರು. ನಾನು ಖಂಡಿತವಾಗಿ ಹೇಳಿದೆ, ಇದು ನಾವು ಗೆಲ್ಲುವ ಕೇಸು. ವಿಮೆಯ ಕರಾರು ನಿಂತಿರುವುದೇ ಪರಮ ವಿಶ್ವಾಸದ ಮೇಲೆ. ಗೊತ್ತಿದ್ದ ಸಂಗತಿಯನ್ನು ಮುಚ್ಚಿಟ್ಟರೆ ಕರಾರು ಬೀಳುತ್ತದೆ. ಇದನ್ನು ಇದೇ ಸಭಾಭವನದಲ್ಲಿ ಎಷ್ಟು ಸಲ ಕಲಿಸಿಲ್ಲ ನಾನು! ಗ್ರಾಹಕರ ಆಯೋಗದಲ್ಲಿ ವಿಚಾರಣೆಯ ದಿನ ಕಂಪನಿಯ ವಕೀಲರ ಪಕ್ಕದಲ್ಲೇ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತೆ. ಎದುರು ಪಕ್ಷದ ವಕೀಲೆ ಯಾರೆಂದು ನನಗೆ ಮೊದಲೇ ಗೊತ್ತಿತ್ತು. ಸೋಲುವ ಕೇಸು ಹಿಡಿದಿದ್ದಾಳಲ್ಲ ಎಂದು ಬೆಳಿಗ್ಗೆಯೇ ಪಾಪ ಅನಿಸಿತ್ತು.

ಚೈತಾಲಿ ಎದ್ದು ನಿಂತಳು. ಆಯೋಗದ ಅನುಮತಿ ಪಡೆದು ಲಾಯ್ಡ್ ಅವರನ್ನು ಕೇಳಿದಳು.

"ಕಾಯಿಲೆಯ ವಿಷಯ ಆಸ್ಯಾ ಅವರ ಹತ್ತಿರ ಎಂತ ಅಂತ ಕೇಳಿದಿರಿ? ಅದೇ ಮಾತಲ್ಲಿ ಹೇಳಿ."

"ಮನೆಗೆ ಹೋದೆ, ಶರಬತ್ತು ಕೊಟ್ಟರು. 'ಎಲ್ಲ ಸೌಖ್ಯ ಅಲ್ವಾ?' ಅಂತ ಕೇಳಿದೆ."

"ಅವರು ಎಂತ ಹೇಳಿದರು?"

"ಸೌಖ್ಯ ಅಂದರು."

"ಬೇರೆ ಎಂತಾದರೂ ಕೇಳಿದ್ದುಂಟಾ?"

"ಇಲ್ಲ ಮೇಡಂ. ಶರಬತ್ತು ಕುಡಿಯುತ್ತಾ ಕೂತು, ನಿಮಗೆ ಯಾವ ಕಾಯಿಲೆ ಉಂಟು ಅಂತ ಮುಖಕ್ಕೆ ಕೇಳುವುದು ಹೇಗೆ? ಮನೆಯವರು ಎಂತ ತಿಳಿದುಕೊಳ್ಳುವುದಿಲ್ಲ?"

ಸಭಿಕರೇ, ನಗಬೇಡಿ. ನಿಮ್ಮಲ್ಲಿ ಯಾರು ಹಾಗೆ ಮಾಡಿಲ್ಲ, ಕೈ ಎತ್ತಿ ನೋಡುವ. ಒಂದೂ ಇಲ್ಲ. ನಮ್ಮ ಊರಿನಲ್ಲಿ ಸೌಖ್ಯವಾ ಎಂದು ಕೇಳಿದರೆ ಯಾರಾದರೂ ಬೇರೆ ಉತ್ತರ ಕೊಡುತ್ತಾರಾ? ಕಾಲು ಮುರಿದು ಪಟ್ಟಿ ಹಾಕಿ ಮಲಗಿದವನೂ ಮೊದಲು ಸೌಖ್ಯ ಎಂದೇ ಹೇಳುತ್ತಾನೆ, ಆಮೇಲೆ ಕಾಲಿನ ಕಥೆ. ಅದು ಮರ್ಯಾದೆಯ ಮಾತು. ಆ ಮರ್ಯಾದೆಯ ಮಾತನ್ನು ಕೇಳಿಕೊಂಡು, ನಾವು ಸ್ಕೂಟರಿನ ಸೀಟಿನ ಮೇಲೆ ಫಾರ್ಮು ಇಟ್ಟು ಸಾಲಾಗಿ ಇಲ್ಲ, ಇಲ್ಲ, ಇಲ್ಲ ಎಂದು ಬರೆಯುತ್ತೇವೆ. ಬರೆದು, ಇವರಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿದ್ದೇನೆ ಎಂಬ ಜಾಗದಲ್ಲಿ ನಮ್ಮ ಸಹಿಯನ್ನೂ ಹಾಕುತ್ತೇವೆ.

ಆಮೇಲೆ ಅವಳು ಪೀಠದ ಕಡೆ ತಿರುಗಿ ಹೇಳಿದ್ದು ನನಗೆ ಬಾಯಿಪಾಠ ಬರುತ್ತದೆ. "ಇಂದು ಬೆಳಿಗ್ಗೆ ವರಾಂಡದಲ್ಲಿ ಕಂಪನಿಯ ವಕೀಲರು ನನ್ನನ್ನು ಸೌಖ್ಯವಾ ಎಂದು ಕೇಳಿದರು. ನಾನು ಸೌಖ್ಯ ಎಂದೆ. ನನಗೆ ನಿನ್ನೆಯಿಂದ ಜ್ವರ ಇದೆ. ನಾನು ಅವರಿಂದ ಸತ್ಯವನ್ನು ಮುಚ್ಚಿಟ್ಟೆನೇ? ಕೇಳದ ಪ್ರಶ್ನೆಗೆ ಸುಳ್ಳು ಹೇಳಲು ಯಾರಿಂದ ಸಾಧ್ಯ? ಪರಮ ವಿಶ್ವಾಸ ಎಂಬುದು ಎರಡೂ ಕಡೆಯ ಹೊಣೆ. ಉತ್ತರ ಕೊಡುವವರಿಗೆ ಎಷ್ಟು ಹೊಣೆ ಇದೆಯೋ ಪ್ರಶ್ನೆ ಕೇಳುವವರಿಗೂ ಅಷ್ಟೇ ಇದೆ." ಈ ಕೊನೆಯ ಮಾತು ಯಾರದು ಗೊತ್ತುಂಟಾ? ನನ್ನದು! ಅವಳು ಲಾ ಕಾಲೇಜಿನಲ್ಲಿದ್ದಾಗ ಇಲ್ಲಿಗೆ ಬಂದು ಕೂರುತ್ತಿದ್ದಳು. ನಾನು ಪಾಠದ ಕೊನೆಗೆ ಅವಸರದಲ್ಲಿ ಹೇಳಿ ದಾಟಿಸುತ್ತಿದ್ದ ಮಾತು ಅದು. ನಾನು ದಾಟಿಸಿದ್ದನ್ನು ಅವಳು ಹಿಡಿದಿಟ್ಟುಕೊಂಡಿದ್ದಳು.

ತೀರ್ಪು ಬಂದ ದಿನ ನಾವು ಸೋತೆವು. ಅಲ್ಲಿಂದ ಹೊರಟು ಹೋಟೆಲಿಗೆ ಹೋಗಿ ಬನ್ಸ್ ತರಿಸಿಕೊಂಡೆ. ಪರಿಚಯದ ಸಪ್ಲೈಯರ್ ಕೇಳಿದ, "ಎಂತ ಸರ್, ಕೇಸು ಗೆದ್ದಿರಾ?" "ಸೋತೆವು" ಎಂದೆ. "ಮತ್ತೆ ಎಂತಕ್ಕೆ ನಗುವುದು?" ನಾನು ನಗುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. "ಗೆದ್ದದ್ದು ನನ್ನ ಮಗಳು ಮಾರಾಯ" ಎಂದೆ. ಪಕ್ಕದ ಮೇಜಿನವರಿಗೂ ಹೇಳಿದೆ. ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದೆ. ಗುರುತಿಲ್ಲದವರಿಗೆಲ್ಲ ಹೇಳಿದೆ. ಅವಳೊಬ್ಬಳಿಗೆ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಸೋತ ನೋವು ಸ್ವಲ್ಪ ಇತ್ತು. ಅವಳು ಉಡುಪಿಯಲ್ಲಿ ಇರುತ್ತಾಳೆ, ದಿನಾ ಫೋನು ಮಾಡುತ್ತಾಳೆ. ಆ ಕೇಸಿನ ನಂತರ ನಾವಿಬ್ಬರೂ ಫೋನಿನಲ್ಲಿ ಕಾನೂನು ಮಾತಾಡಿಲ್ಲ. ಬಂಗುಡೆ ಮೀನು ಸಿಕ್ಕಿತಾ, ಸೆಕೆ ಉಂಟಾ, ಇಷ್ಟೇ. ಅಪ್ಪನಿಗೆ ನನ್ನ ಮೇಲೆ ಸಿಟ್ಟು ಎಂದು ಅವಳಿಗೆ ಅನಿಸಿರಬೇಕು. ಮಾತಿನ ಕೊನೆಗೆ "ಪಪ್ಪ, ಸೌಖ್ಯ ಅಲ್ವಾ?" ಎಂದು ಕೇಳುತ್ತಾಳೆ. "ಸೌಖ್ಯ" ಎನ್ನುತ್ತೇನೆ.

ಸಭಿಕರೇ, ನಾನು ಸೌಖ್ಯವಾಗಿಲ್ಲ. ಹೆದರಬೇಡಿ, ಹೃದಯ, ರಕ್ತ ಎಲ್ಲ ಕಬ್ಬಿಣದ ಹಾಗೆ ಉಂಟು. ಈಚೆಗೆ ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಫೋನಿನಲ್ಲಿ ಅವಳು ಹೇಳುವುದರಲ್ಲಿ ಅರ್ಧವನ್ನು ನನ್ನ ಹೆಂಡತಿ ಪ್ರಫುಲ್ಲಾ ಪಕ್ಕದಲ್ಲಿ ಕೂತು ನನಗೆ ತಲುಪಿಸುತ್ತಾಳೆ. ಮಣಿಪಾಲದಲ್ಲಿ ಪರೀಕ್ಷೆ ಮಾಡಿದರು, ಮೆಷಿನ್ ಕೊಟ್ಟರು. ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಗುಡುಗಿನ ಸ್ವರದ ಮನುಷ್ಯ ಕಿವಿಗೆ ಮೆಷಿನ್ ಹಾಕಿ ನಿಂತರೆ ನೀವು ಏನು ಅಂದುಕೊಳ್ಳುತ್ತೀರೋ ಎಂಬ ಒಣ ಜಂಭ. ಅಭಿನಂದನಾ ಪತ್ರದಲ್ಲಿ, ಇತ್ತೀಚೆಗೆ ನಾನು ಎಲ್ಲರ ಆಕ್ಷೇಪಗಳನ್ನೂ ದೊಡ್ಡ ಮನಸ್ಸಿನಿಂದ ಒಪ್ಪಿಕೊಳ್ಳುತ್ತೇನೆ ಎಂದು ಹೊಗಳಿದ್ದೀರಿ. ಸ್ವಾಮೀ, ನಾನು ಒಪ್ಪಿದ್ದರಲ್ಲಿ ಹೆಚ್ಚಿನವು ನನಗೆ ಕೇಳಿಸಲೇ ಇಲ್ಲ! ಕೈ ಕಾಣುತ್ತದೆ, ಕೂರುತ್ತೇನೆ. ತುಟಿ ಅಲ್ಲಾಡುವುದು ನಿಂತಾಗ 'ಸರಿ, ಒಪ್ಪಿದೆ' ಎನ್ನುತ್ತೇನೆ. ಯಾವುದನ್ನೆಲ್ಲ ಒಪ್ಪಿಕೊಂಡಿದ್ದೇನೋ ದೇವರಿಗೇ ಗೊತ್ತು. ಎದುರಾಡುವ ಮಾತು ಕೇಳಿಸದವನು ಈ ತರಗತಿಯ ಮೇಷ್ಟ್ರಾಗಿ ಇರಬಾರದು. ನಾನು ಬಿಡುತ್ತಿರುವ ಕಾರಣ ವಯಸ್ಸಲ್ಲ, ಇದು.

ಸಮಿತಿಯವರಿಗೆ ನನ್ನ ಉತ್ತರ ಈಗ ಕೇಳಿ. ನಮ್ಮ ಮೇಲೆ ಕೇಸು ಹಾಕುವವಳಿಂದಲೇ ನಾವು ಕಲಿಯಬೇಕು. ನಾವು ಎಲ್ಲಿ ತಪ್ಪುತ್ತೇವೆ ಎಂದು ಅವಳಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಆ ಕೇಸಿನ ನಂತರ ಲಾಯ್ಡ್ ಫಾರ್ಮು ತುಂಬಿಸುವ ರೀತಿಯೇ ಬದಲಾಯಿತು. ಈಗ ಅವರು ಶರಬತ್ತಿಗೆ ಮೊದಲು ಕಾಯಿಲೆ ಕೇಳುತ್ತಾರೆ, ಒಂದೊಂದನ್ನೂ ಮನೆಯವರ ಮಾತಿನಲ್ಲೇ ಕೇಳುತ್ತಾರೆ. ಮೊನ್ನೆ ಅವರ ಹತ್ತಿರ ಮತ್ತೆ ಪಾಲಿಸಿ ಮಾಡಿಸಿದವರು ಯಾರು? ಅದೇ ಕುಂಞಾಲಿ! ಇಷ್ಟು ವರ್ಷ ನಾನು ಕಲಿಸಿದ್ದಕ್ಕಿಂತ ಅವಳ ಒಂದು ಪ್ರಶ್ನೆ ಹೆಚ್ಚು ಕಲಿಸಿತು. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ. ಎದೆ ಉಬ್ಬುತ್ತದೆ.

ಚೈತಾಲಿ, ನಿನ್ನನ್ನು ಮನೆಯಲ್ಲಿ ಕೇಳಬೇಕಿತ್ತು. ಕೇಳಲಿಲ್ಲ. ಸೌಖ್ಯವಾ ಎಂದು ಕೇಳಿ ಮುಗಿಸುವ ಹಾಗೆ ಇದನ್ನು ಕೇಳಲು ಆಗುವುದಿಲ್ಲ. ಆದ್ದರಿಂದ ಸರಿಯಾಗಿ, ಇಷ್ಟು ಜನರ ಎದುರಿಗೆ, ನಿನಗೆ ತಿಳಿಯುವ ಭಾಷೆಯಲ್ಲಿ ಕೇಳುತ್ತೇನೆ. ನೀನು ಆ ಕೇಸನ್ನು ಗೆದ್ದಾಗ ನನಗೆ ಆದಷ್ಟು ಸಂತೋಷ, ನಾನು ಗೆದ್ದ ಯಾವ ಕೇಸಿನಲ್ಲೂ ಆಗಿಲ್ಲ. ಮುಂದಿನ ತಿಂಗಳಿನಿಂದ ಈ ಜಾಗದಲ್ಲಿ ನೀನು ನಿಲ್ಲುತ್ತೀಯಾ? ಇಲ್ಲ ಎಂದರೂ ನನಗೆ ಬೇಸರವಿಲ್ಲ. ಮರ್ಯಾದೆಗೆ ಹೌದು ಎನ್ನಬೇಡ, ಅಷ್ಟೇ.

ಉತ್ತರ ಯೋಚಿಸುತ್ತಿರು. ಅಷ್ಟರಲ್ಲಿ ವಂದನೆಗಳನ್ನು ಮುಗಿಸುತ್ತೇನೆ. ಈ ಸಭಾಭವನವನ್ನು ಇಷ್ಟು ವರ್ಷ ಬಾಡಿಗೆ ಇಲ್ಲದೆ ಕೊಟ್ಟವರಿಗೆ, ತಾಳ್ಮೆಯಿಂದ ಕೂತ ಮುಖ್ಯ ಅತಿಥಿಗಳಿಗೆ, ನನ್ನನ್ನು ಮಾತಿನ ನಡುವೆ ಕೂರಿಸಿದ ಪ್ರತಿಯೊಬ್ಬ ವಿದ್ಯಾರ್ಥಿಗೆ, ನನ್ನ ಕಿವಿಯಾಗಿದ್ದ ಪ್ರಫುಲ್ಲಾಳಿಗೆ...

ಒಂದು ನಿಮಿಷ. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆ ಎದ್ದಿದೆ.

ಅಧ್ಯಕ್ಷರೇ, ನಿಯಮ ನಿಮಗೂ ಗೊತ್ತುಂಟು. ನನ್ನ ಭಾಷಣ ಇಲ್ಲಿಗೆ ನಿಂತಿತು. ಆ ಕುರ್ಚಿಯನ್ನು ಸ್ವಲ್ಪ ಈಚೆಗೆ ಎಳೆಯಿರಿ. ಮೈಕನ್ನು ಅವಳ ಕೈಗೆ ಕೊಡಿ. ಈ ಪೇಟವನ್ನೂ ಯಾರಾದರೂ ಹಿಡಿದುಕೊಳ್ಳಿ, ಕಿವಿಗೆ ಅಡ್ಡ ಬರುತ್ತದೆ. ಜೇಬಿನಲ್ಲಿರುವ ಮೆಷಿನ್ ಹಾಕಿಕೊಳ್ಳಬೇಕು. ಹಾಕಿಕೊಂಡು ಕೂರುತ್ತೇನೆ. ಈ ಆಕ್ಷೇಪವನ್ನು ಪೂರ್ತಿ ಕೇಳಿಸಿಕೊಳ್ಳದೆ ಒಪ್ಪುವುದಿಲ್ಲ.

ಎಲ್ಲರಿಗೂ ನಮಸ್ಕಾರ.