ಅತ್ತೆಯ ಕೈಮದ್ದು

ಅಧ್ಯಕ್ಷರಾದ ಗಣೇಶಮೂರ್ತಿಯವರೇ, ಹಿರಿಯ ನಾಗರಿಕರ ವೇದಿಕೆಯ ಪದಾಧಿಕಾರಿಗಳೇ, ಸನ್ಮಾನದ ಶಾಲು ಹೊದ್ದು ಸೆಕೆಯಲ್ಲಿ ಕುಳಿತಿರುವ ನಮ್ಮ ಅತ್ತೆ ದುಗ್ಗಮ್ಮನವರೇ, ಹೊಸನಗರದ ಸಭಿಕರೇ,

ಎಂಬತ್ತಾರರ ಅತ್ತೆ ಇಷ್ಟು ಗಟ್ಟಿಯಾಗಿರಲು ಅವರ ಊಟವೇ ಕಾರಣವೆಂದು ಅಧ್ಯಕ್ಷರು ಹೇಳಿದರು. ಅಡುಗೆ ಮಾಡುವವಳು ನಾನು, ಸಂತೋಷವಾಯಿತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಒಂದೆಲಗದ ತಂಬುಳಿ, ಮಳೆಗಾಲದಲ್ಲಿ ಕಳಲೆ ಪಲ್ಯ. ಇದೆಲ್ಲ ನಿಜ. ಬೇಕರಿಯ ಖಾರ ಬನ್ನನ್ನೂ ಬಿಡುವುದಿಲ್ಲ ಎಂಬುದೂ ನಿಜ. ಆರೋಗ್ಯದ ಗುಟ್ಟೇನೆಂದು ಸಂದರ್ಶನಕ್ಕೆ ಬಂದ ಕಾಲೇಜಿನವರು ಕೇಳಿದಾಗ, ‘ಸೊಸೆ ಬಡಿಸಿದ್ದು ತಿಂತೀನಿ, ಬೈದದ್ದು ನುಂಗ್ತೀನಿ’ ಎಂದಿದ್ದರು.

ಆದರೆ ಹೋದ ವರ್ಷವೂ ಊಟ ಇದೇ ಆಗಿತ್ತಲ್ಲವೇ? ಸೊಂಟದ ಮೂಳೆ ಮುರಿದು, ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಮನೆಗೆ ಬಂದರು. ಅದೇ ಗಂಜಿ, ಅದೇ ತಂಬುಳಿ. ತಟ್ಟೆ ಹಾಗೇ ವಾಪಸ್ಸು ಬರುತ್ತಿತ್ತು. ವಾಕರ್ ಹಿಡಿಯಿರಿ ಎಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ಆಗ ಸರ್ಪಸುತ್ತು ಎದ್ದಿದ್ದ ಕನ್ನಮ್ಮ ಎಂಬವರು ಅತ್ತೆ ಕೊಡುವ ಸೊಪ್ಪಿನ ಮದ್ದಿಗೆ ಬಂದರು. ಅತ್ತೆಗೆ ಏಳಲಾಗುವುದಿಲ್ಲ ಎಂದು ನಾನು ಅಂಗಳದಿಂದಲೇ ವಾಪಸ್ಸು ಕಳುಹಿಸಲು ಹೊರಟಿದ್ದೆ. ಒಳಗಿನಿಂದ, ‘ಯಾರೇ ಅದು? ಕೂರ್ಸು. ಆ ವಾಕರ್ ಎಲ್ಲಿಟ್ಟೆ?’ ಎಂದು ಕೇಳಿಸಿತು. ಅಂದು ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಇನ್ನು ಆಹ್ವಾನ ಪತ್ರಿಕೆಯ ವಿಷಯ. ಸರ್ಪಸುತ್ತಿಗೆ ಅರೆದು ಹಚ್ಚುವ ಸೊಪ್ಪು ಯಾವುದೆಂದು ಇಂದು ವೇದಿಕೆಯಲ್ಲಿ ತಿಳಿಸಲಾಗುವುದು ಎಂದು ಅಚ್ಚಾಗಿದೆ. ಅಚ್ಚು ಹಾಕಿಸಿದವರಿಗೆ ನಮ್ಮ ಮನೆಯ ಕಟ್ಟಳೆ ಗೊತ್ತಿರಲಿಲ್ಲ. ಮದ್ದನ್ನು ಒಬ್ಬರಿಗೆ ಮಾತ್ರ ಹೇಳಿಕೊಡಬೇಕು. ಹೇಳಿಕೊಟ್ಟವರು ಮತ್ತೆ ಮದ್ದು ಕೊಡುವ ಹಾಗಿಲ್ಲ.

ಈ ಬೆಳಿಗ್ಗೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು.

‘ಸಭೇಲಿ ಹೇಳೋದಲ್ಲ ಅದು. ನಿಂಗೆ ತೋರಿಸ್ತೀನಿ ಬಾರೆ. ನಾ ಹೋದ್ರೆ ಮದ್ದೂ ಹೋಗ್ತದೆ.’

‘ತೋರಿಸಿದ ಮೇಲೆ ನೀವೆಂತ ಮಾಡ್ತೀರಿ ಅತ್ತೆ?’

‘ನಂಗೆಂತ ಕೆಲಸ? ಕೂತಿರ್ತೀನಿ.’

ಒಲೆಯ ಮೇಲೆ ಹಾಲಿದೆ ಎಂದು ನಾನು ಒಳಗೆ ಹೋದೆ. ಒಲೆ ಹಚ್ಚಿರಲಿಲ್ಲ. ಅದು ಅತ್ತೆಗೆ ಗೊತ್ತಾಗುತ್ತಿರುವುದು ಈಗಲೇ.

ಮದ್ದು ಉಳಿಯಬೇಡವೇ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯ. ನಾಳೆ ಏನಾದರೂ ಆದರೆ, ಆ ಸೊಪ್ಪು ನಮ್ಮ ಬೇಲಿಯಲ್ಲೇ ಇದ್ದರೂ ನನಗೆ ಗುರುತು ಸಿಗದು. ಅದು ಗೊತ್ತಿದ್ದೇ ಒಳಗೆ ಹೋದೆ.

ಆದ್ದರಿಂದ ಸೊಪ್ಪಿನ ಹೆಸರು ಇಂದು ಹೇಳುವುದಿಲ್ಲ, ಸಂಘಟಕರು ಕ್ಷಮಿಸಬೇಕು. ಕೂತು ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ಸರ್ಪಸುತ್ತು ಎದ್ದವರು ಡಾಕ್ಟರಿಗೆ ತೋರಿಸಿ, ನಮ್ಮ ಮನೆಗೂ ಬನ್ನಿ. ಬೆಳಿಗ್ಗೆಯೇ ಬನ್ನಿ. ಅತ್ತೆ ದಾರಿ ನೋಡುತ್ತಿರುತ್ತಾರೆ. ನಮಸ್ಕಾರ.