ಬೆನ್ನಿನ ಮಚ್ಚೆ

ಕ್ವೀನ್ಸ್‌ಲ್ಯಾಂಡಿನ ನಮ್ಮೂರ ಚರ್ಮದ ಕ್ಲಿನಿಕ್ಕಿನಲ್ಲಿ ರೋಗಿಗಳ ಒಗೆದ ಗೌನುಗಳನ್ನು ಮಡಿಸುತ್ತಿದ್ದೆ. ಎದುರಿನ ಕುರ್ಚಿಗಳಲ್ಲಿ ಕಾಲಿಗೆ ಪಟ್ಟಿ ಸುತ್ತಿಕೊಂಡ ಇಪ್ಪತ್ತೊಂದರ ಟ್ಯಾಮ್ಸಿನ್, ಪಕ್ಕದಲ್ಲಿ ಹದಿನೇಳರ ತಮ್ಮ ಕೈಲನ್. ಇಬ್ಬರೂ ನಮ್ಮ ಬೀಚಿನ ಜೀವರಕ್ಷಕರು.

"ಬಿಸಿಲಿಗೆ ಟೋಪಿ ಇಲ್ಲದಿದ್ರೆ ಶಾಲೇಲಿ ಆಟಕ್ಕೇ ಬಿಡ್ತಿರಲಿಲ್ಲ. ಕ್ಯಾನ್ಸರ್ ಬಂದಿದ್ದು ಮೀನಖಂಡಕ್ಕೆ."

"ಕಾಲಿಗೂ ಒಂದು ಟೋಪಿ ಹಾಕ್ಬೇಕಿತ್ತು ಕಣೇ ಅಕ್ಕ."

"ನಗಿಸ್ಬೇಡ, ಹೊಲಿಗೆ ಎಳೆಯುತ್ತೆ. ನಿನ್ನ ಬೆನ್ನಿನ ಮಚ್ಚೆ ದೊಡ್ಡದಾಗಿದೆ ಕಣೋ."

"ಅದು ಚಿಕ್ಕಂದಿನಿಂದ ಇದೆ."

"ನಂದೂ ಇತ್ತು."

"ಗೊತ್ತು. ನಿಂಗೆ ಹೀಗಾದ ಮೇಲೆ ಅಮ್ಮ ಸರಿಯಾಗಿ ನಿದ್ದೆ ಮಾಡ್ತಿರೋದೇ ಈ ವಾರ. ನಂದನ್ನೂ ತೋರಿಸಿ ಮತ್ತೆ ಕೆಡಿಸ್ಲಾ?"

ನರ್ಸ್ ಬಂದು ಟ್ಯಾಮ್ಸಿನ್‌ಳ ಹೆಸರು ಕರೆದಳು. ಕೈಲನ್ ಅವಳನ್ನು ಎಬ್ಬಿಸಿ, ಹೋಗಿ ಬಾಗಿಲು ತೆರೆದು ಹಿಡಿದ. ಅವಳು ಹೊಸ್ತಿಲಲ್ಲೇ ನಿಂತಳು.

"ನೀನೂ ಒಳಗೆ ಬಂದು ತೋರಿಸು, ಕೈಲನ್."