ಮೂರು ತೊಟ್ಟು ನೆಲಕ್ಕೆ

ಹೆಬ್ಬಾಳದ ಸ್ಟಾಪಿನಲ್ಲಿ ವಿದ್ಯಾರಣ್ಯಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ನಿಂತಿದ್ದರು. ಇಬ್ಬರ ಮುಂಗೈಯಲ್ಲೂ ಕ್ರಾಫ್ಟ್ ಬಿಯರ್ ಹಬ್ಬದ ಕಾಗದದ ಪಟ್ಟಿ. ಅವಳ ಟೀ ಶರ್ಟಿನ ಮೇಲೆ ಯಾವುದೋ ಬ್ರೂವರಿಯ ಹೆಸರು.

"ಬೆಳಗ್ಗೆಯಿಂದ ಊರೆಲ್ಲ ಸುತ್ತಿದೀವಿ ಮುನೀಂದ್ರ. ಹೋದ ಪಬ್ಬಲ್ಲೆಲ್ಲ ಲೋಟ ಕೈಗೆ ಬಂದ ತಕ್ಷಣ ತೀರಿಹೋದ ನಿಮ್ಮಪ್ಪನ ಹೆಸರು ಹೇಳಿ ಮೂರು ತೊಟ್ಟು ನೆಲಕ್ಕೆ ಚಿಮುಕಿಸಿದೆ ನೀನು."

"ಕೋಗಿಲಿನ ನಮ್ಮ ಮನೇಲಿ ಹಂಗೇ ಕಣೇ. ಹಿರೀಕರಿಗೆ ಕೊಡ್ದೆ ಕುಡಿಯಲ್ಲ."

"ಯಶವಂತಪುರದ ಪಬ್ಬಲ್ಲಿ ಅವರ ಕಾರ್ಪೆಟ್ ಮೇಲೇ ಹಾಕ್ದೆ ನೀನು. ಬಗ್ಗಿ ಒರೆಸಿದ್ದು ನಾನು."

"ಸಾರಿ ಕೇಳಿದ್ನಲ್ಲ."

"ಅದು ಹಾಳಾಗ್ಲಿ. ಕೊನೇಗೆ ನಾನು ಕೆಲ್ಸ ಮಾಡೋ ಬ್ರೂವರಿ ಸ್ಟಾಲಿಗೆ ಬಂದ್ವಿ. ನಾನೇ ಮಾಡಿದ ಮೊದಲನೇ ಬಿಯರ್, ರಾಗಿ ಹಾಕಿದ್ದು. ಬಾಸ್ ಎದುರಿಗೇ ನಿಂತು ನೋಡ್ತಿದ್ರು. ನೀನು ಒಂದು ತೊಟ್ಟೂ ಹಾಕ್ಲಿಲ್ಲ. ಗಟಗಟ ಕುಡಿದು ಲೋಟ ಇಟ್ಟೆ. ನಿಮ್ಮಪ್ಪನಿಗೆ ಕೊಡೋ ಯೋಗ್ಯತೆ ನನ್ನ ಬಿಯರ್‌ಗೆ ಇಲ್ವಾ?"

ಅವನು ಅವಳ ಕಡೆ ತಿರುಗಿದ.

"ಭಾಗ್ಯ, ಬೇರೆ ಕಡೆಯೆಲ್ಲ ಬಾಯಿಗಿಡೋಕೇ ಹಿಂದೆ ಮುಂದೆ ನೋಡ್ತಿದ್ದೆ. ಅಷ್ಟರಲ್ಲಿ ಅಪ್ಪ ನೆನಪಾಗೋರು."

"ಮತ್ತೆ ನಂದಕ್ಕೆ?"

"ಅಪ್ಪ ನೆನಪಾಗೋ ಹೊತ್ತಿಗೆ ಲೋಟ ಖಾಲಿ ಆಗಿತ್ತು."

ಯಲಹಂಕದ ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಇದನ್ನ ಅಲ್ಲೇ ಬಾಸ್ ಮುಂದೆ ಹೇಳೋಕೆ ಏನ್ ಧಾಡಿ ಬಂದಿತ್ತು ನಿಂಗೆ?"

ಅವನೂ ಹತ್ತಿದ, ಬಾಗಿಲು ಮುಚ್ಚಿಕೊಂಡಿತು.